ಪಕ್ಕದ ಪಂಜರ

ಮಾರ್ಚ್ 4, ಸೋಮವಾರ

ಇವತ್ತೂ ಅದೇ. ಬೆಳಿಗ್ಗೆ ಹೋದ ತಕ್ಷಣ ಇಲಿಗಳನ್ನು ಒಂದೊಂದಾಗಿ ಕೊಳವೆಯೊಳಗೆ ಬಿಟ್ಟೆ, ಮುಚ್ಚಳ ಹಾಕಿದೆ. ಪ್ಲಾಸ್ಟಿಕ್ ಕೊಳವೆ, ಮೂಗಿನ ಕಡೆ ಗಾಳಿಗೆ ತೂತು. ನೋವಿಲ್ಲ, ಗಾಯವಿಲ್ಲ. ತಿರುಗಲು ಆಗುವುದಿಲ್ಲ, ಅಷ್ಟೇ. ಒಂದೆರಡು ಗಂಟೆ ಬಿಟ್ಟು ತೆಗೆಯುವುದು. ನಾಳೆ ಮತ್ತೆ.

ಹೊಸದಾಗಿ ಸೇರಿದವರು ಮೊದಲ ವಾರ ಮುಖ ತಿರುಗಿಸುತ್ತಾರೆ. ನಾನೂ ತಿರುಗಿಸಿದ್ದೆ ಒಂದು ಕಾಲಕ್ಕೆ. ಈಗ ಗಾಜಿನಾಚೆ ಕೂತು ಟೀ ಕುಡಿಯುತ್ತೇನೆ.

ನಮ್ಮ ಪ್ರಶ್ನೆ ಸರಳ. ಮನಸ್ಸಿಗೆ ಒತ್ತಡವಾದಾಗ ಮಿದುಳಿನ ಕೋಶಗಳು ತಮ್ಮ ಕಸ ತಾವು ಗುಡಿಸಿಕೊಳ್ಳುತ್ತವೆಯೋ ಇಲ್ಲವೋ. ಪ್ರತಿ ಕೋಶದೊಳಗೂ ಒಂದು ಮನೆಗೆಲಸ ನಡೆಯುತ್ತಿರುತ್ತದೆ. ಹಳೆಯದು, ಮುರಿದದ್ದು, ಬೇಡದ್ದು ಎಲ್ಲವನ್ನೂ ಪುಟ್ಟ ಚೀಲದಲ್ಲಿ ಕಟ್ಟಿ, ಕರಗಿಸಿ, ಅದರಿಂದಲೇ ಹೊಸದನ್ನು ಮಾಡಿಕೊಳ್ಳುತ್ತದೆ. ಆಟೊಫೇಜಿ ಅಂತಾರೆ. ತನ್ನನ್ನು ತಾನೇ ತಿನ್ನುವುದು ಎಂದು ಅರ್ಥ. ಹೆಸರು ರಾಕ್ಷಸನದು, ಕೆಲಸ ಪೊರಕೆಯದು. ಆ ಚೀಲಗಳು ಮೈಕ್ರೋಸ್ಕೋಪಿನಡಿ ಹಸಿರು ಚುಕ್ಕೆಗಳಾಗಿ ಹೊಳೆಯುವ ಹಾಗೆ ಮಾಡಿಕೊಂಡಿದ್ದೇವೆ. ಹಸಿರು ಇದ್ದರೆ ಕೆಲಸ ನಡೆಯುತ್ತಿದೆ.

ಅಣ್ಣ ಇನ್ನೂ ಮನೆಯಲ್ಲೇ. ಇಷ್ಟು ದಿನ ಬರೆಯದೆ ದೂಡಿದೆ, ಇವತ್ತು ಬರೆದುಬಿಡುತ್ತೇನೆ. ಅಣ್ಣ ಓಡಿಸುತ್ತಿದ್ದ ರೈಲಿಗೆ ಒಬ್ಬ ಹೆಂಗಸು ಸಿಕ್ಕಿ ಸತ್ತಳು. ಹಾಡಹಗಲು. ತಿರುವು ದಾಟಿದ ಕೂಡಲೇ ಹಳಿಯ ನಡುವೆ ನಿಂತಿದ್ದಳಂತೆ. ಬ್ರೇಕ್ ಹಾಕಿದ. ರೈಲು ನಿಲ್ಲುವುದು ಕಾರು ನಿಂತ ಹಾಗಲ್ಲ.

ವಿಚಾರಣೆ ಮುಗಿಯಿತು. ಡ್ರೈವರನ ತಪ್ಪಿಲ್ಲ ಎಂದು ಬರೆದು ಎಲ್ಲರೂ ಕೈ ತೊಳೆದುಕೊಂಡರು. ಅಣ್ಣನಿಗೆ ಸ್ವಲ್ಪ ದಿನ ರಜೆ.

ಮಾರ್ಚ್ 9, ಶನಿವಾರ

ಅಣ್ಣನ ಕಾಟ ತಡೆಯಲಾಗುತ್ತಿಲ್ಲ. ನೀರಿನ ಟ್ಯಾಂಕ್ ತೊಳೆದ. ಸೋರುವ ನಲ್ಲಿ ಬದಲಿಸಿದ. ಕಪಾಟಿನ ಬಾಗಿಲು ಕಿರ್ರ್ ಅನ್ನುವುದು ನಮಗೆಲ್ಲ ಅಭ್ಯಾಸವಾಗಿತ್ತು, ಅದಕ್ಕೂ ಎಣ್ಣೆ ಬಿಟ್ಟ. ಇವತ್ತು ಮಹಡಿಗೆ, ನನ್ನ ಕೋಣೆಗೇ ಬಂದ. ಹಳೇ ಪೇಪರಿನ ಕಟ್ಟುಗಳೆಲ್ಲ ಕೆಳಗೆ.

"ರಜೆ ಕೊಟ್ಟಿದ್ದು ರೆಸ್ಟ್ ತಗೊಳ್ಳೋಕೆ ಕಣೋ ಅಣ್ಣ."

"ಕೂತ್ರೆ ತುಕ್ಕು ಹಿಡಿಯುತ್ತೆ ಮರಿ. ಇಂಜಿನ್ ಜಾತಿ ನಾನು."

ನನಗೆ ನಲವತ್ತು ದಾಟಿದೆ. ಅವನ ಬಾಯಲ್ಲಿ ಇನ್ನೂ ಮರಿ.

ಅತ್ತಿಗೆ ಕೆಳಗಿನಿಂದ ಕೂಗಿದರು. "ತಡೀಬೇಡ ಕಣೆ ಅವರನ್ನ! ಇನ್ನೊಂದು ತಿಂಗಳು ರಜೆ ಸಿಕ್ಕಿದ್ರೆ ಮನೆಗೆ ಬಣ್ಣಾನೂ ಹೊಡೆಸ್ಕೋತೀನಿ." ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ, "ಸುಮ್ನೆ ಹೆದರಿದ್ವಿ ನೋಡು. ಗಟ್ಟಿ ಜೀವ ಅದು."

ಲ್ಯಾಬಿನಲ್ಲೂ ಒಳ್ಳೆಯ ಸುದ್ದಿ. ಒಂದೇ ದಿನ ಕೊಳವೆಯಲ್ಲಿದ್ದ ಇಲಿಗಳ ಮಿದುಳು ನೋಡಿದೆವು. ಹಸಿರೋ ಹಸಿರು! ಬೆದರಿದ ಕೋಶಗಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡಿಸಲು ನಿಂತಿವೆ. ಕನ್ನಡಕ ಮೇಡಂ ಬಂದು ಬಗ್ಗಿ ನೋಡಿದರು. ನಮ್ಮ ಲ್ಯಾಬಿನ ಹೆಡ್. ಮೂಗಿನ ಮೇಲೊಂದು, ತಲೆಯ ಮೇಲೊಂದು ಕನ್ನಡಕ, ಮೂರನೆಯದನ್ನು ದಿನವಿಡೀ ಹುಡುಕುತ್ತಿರುತ್ತಾರೆ. "ಬೆಳಕು ಚೆನ್ನಾಗಿದೆ. ಆದರೆ ಇದು ಮೊದಲ ದಿನ" ಅಂದರು.

ಇದು ಮೊದಲ ದಿನ. ಅದನ್ನು ಯಾಕೆ ಇಲ್ಲಿ ಬರೆದೆ? ಗೊತ್ತಿಲ್ಲ.

ಮಾರ್ಚ್ 27, ಬುಧವಾರ. ಊಟದ ಹೊತ್ತು

ಅಣ್ಣ ಡ್ಯೂಟಿಗೆ ಹೋಗಲು ಶುರುಮಾಡಿ ಒಂದು ವಾರ ದಾಟಿದೆ. ಈಗ ಅವನ ಅಸಿಸ್ಟೆಂಟ್ ಫೋನ್ ಮಾಡಿದ್ದ. ಇಂಜಿನ್ನಿನಲ್ಲಿ ಅಣ್ಣನ ಪಕ್ಕ ಕೂರುವವನು. ನನ್ನ ನಂಬರ್ ಅವನಿಗೆ ಹೇಗೆ ಸಿಕ್ಕಿತೋ.

"ಅಕ್ಕ, ಒಂದು ವಿಷಯ. ಸರ್‌ಗೆ ಹೇಳ್ಬೇಡಿ ನಾನು ಹೇಳ್ದೆ ಅಂತ."

"ಹೇಳಪ್ಪ."

"ನಿನ್ನೆ ಖಾಲಿ ಲೈನಲ್ಲಿ ಬ್ರೇಕ್ ಹಾಕಿಬಿಟ್ರು. ಗಾಡಿ ತುಂಬ ಜನ. ನಿಂತವರೆಲ್ಲ ಮುಗ್ಗರಿಸಿಬಿದ್ರು. ಏನ್ ಸರ್ ಅಂದ್ರೆ, ಕಾಣಿಸಲ್ವಾ ನಿಂಗೆ, ನಿಂತಿದ್ದಾಳಲ್ಲ ಅಂದ್ರು. ಯಾರೂ ಇರಲಿಲ್ಲ ಅಕ್ಕ. ದೂರದವರೆಗೂ ಯಾರೂ ಇರಲಿಲ್ಲ."

ನಾಯಿ ಅಡ್ಡ ಬಂತು ಎಂದು ಅಣ್ಣ ಬರೆದುಕೊಟ್ಟಿದ್ದಾನಂತೆ. ಅದಕ್ಕೂ ಮೊದಲು ಒಮ್ಮೆ ಹೀಗೇ ಆಗಿತ್ತಂತೆ.

ಡಬ್ಬಿ ತೆರೆದಿದ್ದೆ, ಹಾಗೇ ಮುಚ್ಚಿದೆ.

ಮಾರ್ಚ್ 29, ಶುಕ್ರವಾರ

ಎರಡು ದಿನ ಬಾಯಿಗೆ ಬೀಗ. ಇವತ್ತು ತಡೆಯಲಾಗಲಿಲ್ಲ. ಅಣ್ಣ ಶೂ ಪಾಲಿಶ್ ಮಾಡುತ್ತ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕ ಕೂತೆ. ಯಾರನ್ನು ನೋಡ್ತೀಯ ಅಣ್ಣ, ಅಂತ ನೇರವಾಗಿ ಕೇಳಿದೆ.

ಬ್ರಷ್ ನಿಂತಿತು.

"ಹಳಿ ಮೇಲೆ ಮಾತ್ರ ಅಲ್ಲ ಈಗ. ಇಲ್ಲಿ ಕೂಡ ಇರ್ತಾಳೆ."

"ಇಲ್ಲಿ ಅಂದ್ರೆ?"

ಮನೆಯೊಳಗೆ ಗದ್ದ ತೋರಿಸಿದ. "ಫ್ರಿಜ್ ಪಕ್ಕ. ನಿಮ್ಮ ಅತ್ತಿಗೆ ಫ್ರಿಜ್ ಬಾಗಿಲು ತೆಗೀವಾಗೆಲ್ಲ ಎದೆ ಧಸಕ್ ಅನ್ನುತ್ತೆ. ಎಲ್ಲಿ ಅವಳಿಗೆ ತಗಲುತ್ತೋ ಅಂತ."

ಹೆದರಿಕೆಯ ಮಾತಲ್ಲ ಅದು. ಬಸ್ಸಿನಲ್ಲಿ ನಿಂತವರಿಗೆ ಬಾಗಿಲು ಬಡಿಯದಿರಲಿ ಅನ್ನುವ ಹಾಗೆ ಹೇಳಿದ.

"ಏನು ಮಾಡ್ತಾಳೆ?"

"ಏನೂ ಇಲ್ಲ. ನಿಂತಿರ್ತಾಳೆ."

ಆಮೇಲೆ ಇನ್ನೊಂದು ಶೂ ಎತ್ತಿಕೊಂಡ.

ಏಪ್ರಿಲ್ 11, ಗುರುವಾರ

ಹೇಳಿಬಿಟ್ಟೆ. ಅಣ್ಣನನ್ನು ಕೇಳಲಿಲ್ಲ. ಅತ್ತಿಗೆಯನ್ನೂ ಕೇಳಲಿಲ್ಲ. ರೈಲ್ವೆಯ ಡಾಕ್ಟರ ಬಳಿ ಹೋಗಿ, ಅಣ್ಣನಿಗೆ ಇಲ್ಲದವರು ಕಾಣುತ್ತಾರೆ, ಇಂಜಿನ್ ಕೊಡಬೇಡಿ ಅಂದೆ. ಅವನ ಹಿಂದೆ ಕೂತಿರುವವರ ಲೆಕ್ಕ ತಲೆಯಿಂದ ಹೋಗುತ್ತಲೇ ಇರಲಿಲ್ಲ. ಮಕ್ಕಳು, ಮುದುಕರು, ಬಾಗಿಲಲ್ಲಿ ಜೋತುಬಿದ್ದವರು.

ಸಂಜೆಯ ಹೊತ್ತಿಗೆ ಡ್ಯೂಟಿಯಿಂದ ಇಳಿಸಿದರು. ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಮಾತ್ರೆ ಶುರು. ಅದು ಹಿಡಿಯಲು ಕೆಲವು ವಾರ ಬೇಕಂತೆ.

ಅಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಒಂದು ಮಾತು ನನಗೆ ಹೇಳಿ ಹೋಗಿದ್ರೆ ಆಗ್ತಿತ್ತು ಮರಿ" ಅಂದ. ಅಷ್ಟೇ. ಆಮೇಲೆ ನನ್ನ ಹತ್ತಿರ ಮಾತಿಲ್ಲ.

ಇವತ್ತೇ ಬರಬೇಕಿತ್ತು ಲ್ಯಾಬಿನ ಆ ಫಲಿತಾಂಶವೂ. ವಾರಗಟ್ಟಲೆ ದಿನಾ ಕೊಳವೆಗೆ ಹೋದ ಇಲಿಗಳು. ಮಿದುಳಿನ ನಡುವೆ, ಸಾಸಿವೆಗಿಂತ ಚಿಕ್ಕದೊಂದು ಜಾಗವಿದೆ, ಹಬೆನುಲಾ ಅಂತ. ನಿರಾಸೆ, ಭಯ, ಕೆಟ್ಟ ಸುದ್ದಿ ಬಂದರೆ ಮೊದಲು ಎದ್ದು ಕೂರುವುದು ಅದೇ. ಅಲ್ಲಿ ಹಸಿರಿಲ್ಲ. ಕತ್ತಲು. ಗುಡಿಸುವವರು ಅರ್ಧಕ್ಕೇ ಕೆಲಸ ಬಿಟ್ಟು ಹೋದ ಹಾಗೆ. ಸಂದೇಶ ಹಿಡಿಯುವ ಹಳೇ ಕೊಂಡಿಗಳನ್ನು ಕೋಶ ಕಳಚಿ ಒಳಗೆಳೆದು ಕರಗಿಸಬೇಕು. ಕರಗಿಸಿಲ್ಲ. ಮೈತುಂಬ ಹಾಗೇ ಉಳಿದಿವೆ. ಅವು ಉಳಿದರೆ ಕೋಶಕ್ಕೆ ನೆಮ್ಮದಿಯಿಲ್ಲ, ಯಾರೂ ಕರೆಯದಿದ್ದರೂ ಬಡಿದುಕೊಳ್ಳುತ್ತಲೇ ಇರುತ್ತದೆ. ಹಾರ್ನ್ ಒತ್ತಿದ ಕೈ ಅಲ್ಲೇ ಸಿಕ್ಕಿಕೊಂಡ ಹಾಗೆ.

ಕನ್ನಡಕ ಮೇಡಂ ಖುಷಿಯಾಗಿದ್ದರು. "ಮೊದಲ ದಿನ ಏರುತ್ತೆ, ಆಮೇಲೆ ಪೂರ್ತಿ ಬೀಳುತ್ತೆ. ಎಷ್ಟು ಚೆಂದದ ಚಿತ್ರ ನೋಡಿ."

ನೋಡಿದೆ.

ಏಪ್ರಿಲ್ 12, ಶುಕ್ರವಾರ

ಇಲಿಯ ಮಿದುಳು ನೋಡಬೇಕೆಂದರೆ ಇಲಿ ಸಾಯಬೇಕು. ಅಣ್ಣನ ತಲೆಯೊಳಗೆ ಹಸಿರಿದೆಯೋ ಇಲ್ಲವೋ, ನನಗೆ ಯಾವತ್ತೂ ಗೊತ್ತಾಗುವುದಿಲ್ಲ.

ಏಪ್ರಿಲ್ 23, ಮಂಗಳವಾರ

ಅಣ್ಣ ಸ್ನಾನ ಮಾಡುವುದನ್ನು ಬಿಟ್ಟಿದ್ದಾನೆ. ಅತ್ತಿಗೆ ಬೈದು, ಅತ್ತು, ಕೊನೆಗೆ ತಾವೇ ಒದ್ದೆ ಬಟ್ಟೆಯಿಂದ ಕತ್ತು ಒರೆಸುತ್ತಾರೆ. ಅವನು ಮಗುವಿನ ಹಾಗೆ ಕತ್ತು ಕೊಟ್ಟು ಕೂರುತ್ತಾನೆ, ಕಣ್ಣು ಮಾತ್ರ ಫ್ರಿಜ್ ಕಡೆ. ಅತ್ತಿಗೆ ಫ್ರಿಜ್ಜನ್ನು ಹಜಾರಕ್ಕೆ ತಳ್ಳಿಸಿದರು. ಈಗ ಅವನ ಕಣ್ಣು ಹಜಾರದಲ್ಲಿ.

ಲ್ಯಾಬಿನಲ್ಲಿ ಔಷಧಿಯ ಮೊದಲ ಬ್ಯಾಚ್ ಮುಗಿಯಿತು. ನಿಂತುಹೋದ ಗುಡಿಸಾಟವನ್ನು ಮತ್ತೆ ಎಬ್ಬಿಸುವ ಔಷಧಿ. ಹೊಸದೇನಲ್ಲ, ಕಿಡ್ನಿ ಬದಲಿಸಿಕೊಂಡವರಿಗೆ ಬೇರೆ ಕಾರಣಕ್ಕೆ ಕೊಡುವಂಥದ್ದು. ಮೂಲೆಯಲ್ಲಿ ಮುದುರಿದ್ದ ಇಲಿಗಳು ಎದ್ದು ಓಡಾಡಿದವು. ಮೈ ನೆಕ್ಕಿ ಶುಚಿ ಮಾಡಿಕೊಂಡವು. ಹಬೆನುಲಾದಲ್ಲಿ ಮತ್ತೆ ಹಸಿರು. ನನಗೆ ಕಣ್ಣು ತುಂಬಿಬಂತು. ನೆಗಡಿ ಅಂದೆ.

ಮೇಡಂ ಕೇಳಲಿ ಬಿಡಲಿ ಎಂದು ಮೆಲ್ಲಗೆ ಕೇಳಿದೆ. "ಮನುಷ್ಯರಲ್ಲಿ ಕೊಟ್ಟು ನೋಡಿದ್ದಾರಾ ಮೇಡಂ, ಇದಕ್ಕೆ?"

ಅವರು ಎರಡೂ ಕನ್ನಡಕ ತೆಗೆದರು. ಅವರ ಬರಿಗಣ್ಣು ನಾನು ನೋಡಿದ್ದೇ ಅಪರೂಪ.

"ಮನೇಲಿ ಯಾರಿಗೆ?"

ನಾನು ಸ್ಲೈಡುಗಳನ್ನು ಡಬ್ಬಿಗೆ ಜೋಡಿಸತೊಡಗಿದೆ.

"ಇದು ಮೈಯ ಕಾವಲನ್ನೇ ಇಳಿಸೋ ಔಷಧಿ. ಒಂದು ಸೋಂಕು ಬಂದ್ರೆ ಮನುಷ್ಯ ಉಳಿಯಲ್ಲ. ಇಲಿ ಓಡಾಡಿತು ಅಂತ ಮನುಷ್ಯನಿಗೆ ಕೊಡೋಕಾಗಲ್ಲ. ನಿಮಗೆ ಇದನ್ನ ನಾನು ಹೇಳ್ಬೇಕಾ?"

ಬೇಡ ಮೇಡಂ, ಅಂದೆ.

ಇನ್ನೊಂದು ಬ್ಯಾಚ್ ಶುರುವಾಗಿದೆ, ಮೇಡಂ ಯೋಚನೆ. ಈ ಇಲಿಗಳನ್ನು ಕೊಳವೆಗೆ ಹಾಕುವುದಿಲ್ಲ. ಏನೂ ಮಾಡುವುದಿಲ್ಲ. ಪಕ್ಕದ ಪಂಜರದಲ್ಲಿರುತ್ತವೆ, ಕೊಳವೆಯಲ್ಲಿರುವವನ್ನು ನೋಡುತ್ತಿರುತ್ತವೆ. ಅಷ್ಟೇ.

ಮೇ 5, ಭಾನುವಾರ. ಮಧ್ಯಾಹ್ನ

ಬೆಳಿಗ್ಗೆ ಬೆಲ್ ಆಯಿತು. ನಾನೇ ಬಾಗಿಲು ತೆರೆದೆ. ಮೂವತ್ತು ಮೂವತ್ತೈದರ ಹೆಂಗಸು, ಕೊಡೆ ಮಡಿಸುತ್ತಿದ್ದರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸವಂತೆ. ಡ್ರೈವರ್ ಮನೆ ಇದೇನಾ ಎಂದು ಕೇಳಿದರು. ಡಿಪೋದಲ್ಲಿ ಯಾರೋ ವಿಳಾಸ ಕೊಟ್ಟಿದ್ದಾರೆ.

"ನಾನು… ಅವತ್ತು ಹೋದವಳು ನಮ್ಮಕ್ಕ."

ಬಾಗಿಲು ಹಿಡಿದ ಕೈ ಬಿಡಲು ನನಗೆ ತುಸು ಹೊತ್ತು ಬೇಕಾಯಿತು. ಒಳಗೆ ಕರೆದೆ. ಅತ್ತಿಗೆ ನೀರು ತಂದರು. ಅಣ್ಣ ಎದ್ದು ನಿಂತ. ಎಷ್ಟೋ ದಿನದ ಮೇಲೆ ಶರ್ಟಿನ ಗುಂಡಿ ಹಾಕಿಕೊಂಡ.

ಆಕೆ ಕೂರಲಿಲ್ಲ. "ಬೈಯೋಕೆ ಬಂದಿಲ್ಲ ಸರ್. ಒಂದೇ ಒಂದು ಕೇಳ್ಬೇಕಿತ್ತು. ಔಷಧಿ ಅಂಗಡಿಗೆ ಹೋಗಿಬರ್ತೀನಿ ಅಂತ ಹೇಳಿ ಹೊರಟಿದ್ದಳು. ಹಳಿ ದಾಟಿದ್ರೆ ಹತ್ತಿರ. ದಾಟೋವಾಗ ಕಾಲು ಜಾರಿತು, ಅಲ್ವಾ? ಜನ ಬಾಯಿಗೆ ಬಂದ ಹಾಗೆ ಮಾತಾಡ್ತಾರೆ. ನಮ್ಮಮ್ಮ ಊಟ ಬಿಟ್ಟಿದ್ದಾರೆ. ನೋಡಿದವರು ನೀವೊಬ್ಬರೇ. ಜಾರಿತು ತಾನೆ?"

ಅಸಿಸ್ಟೆಂಟ್ ಆ ಹೊತ್ತಿಗೆ ಬಗ್ಗಿ ನೀರಿನ ಬಾಟಲಿ ಎತ್ತುತ್ತಿದ್ದನಂತೆ. ಹೌದು, ನೋಡಿದವನು ಅಣ್ಣ ಒಬ್ಬನೇ.

ಅಣ್ಣನ ಕಣ್ಣು ಒಮ್ಮೆ ಹಜಾರದ ಫ್ರಿಜ್ ಕಡೆ ಹೋಗಿಬಂತು. ಆಮೇಲೆ ಸ್ಪಷ್ಟವಾಗಿ ಅಂದ. "ಹೌದಮ್ಮ. ದಾಟ್ತಾ ಇದ್ರು. ಕಾಲು ಜಾರಿತು."

"ನೋವು…"

"ಇಲ್ಲ. ಗೊತ್ತೇ ಆಗಿರಲ್ಲ."

ಆಕೆ ಮುಖ ಮುಚ್ಚಿಕೊಂಡರು. ಆಮೇಲೆ ಲೋಟದ ನೀರು ಒಂದೇ ಗುಟುಕಿಗೆ ಕುಡಿದರು. ಹೋಗುವಾಗ ಅತ್ತಿಗೆಯ ಕೈ ಹಿಡಿದು ಒತ್ತಿದರು. ಅಮ್ಮನಿಗೆ ಇವತ್ತೇ ಹೇಳುತ್ತೇನೆ ಅಂದರು.

"ಪುಣ್ಯದ ಕೆಲಸ ಮಾಡಿದ್ರಿ" ಅಂದರು ಅತ್ತಿಗೆ. ಅಣ್ಣ ಗುಂಡಿ ಬಿಚ್ಚಲಿಲ್ಲ. ಹಾಗೇ ಕೂತಿದ್ದಾನೆ.

ಮೇ 6, ಸೋಮವಾರ

ಕೆಲಸಕ್ಕೆ ಹೊರಟವಳನ್ನು ಅಣ್ಣ ಕರೆದ. ಏಪ್ರಿಲ್‌ನಿಂದ ಈಚೆಗೆ ಮೊದಲ ಮಾತು.

"ಮರಿ. ಇಷ್ಟು ದಿನ ಸುಮ್ನೆ ನಿಂತಿರ್ತಿದ್ದಳು. ನಿನ್ನೆಯಿಂದ ಬಾಯಿ ಆಡಿಸ್ತಿದ್ದಾಳೆ."

"ಏನಂತಾಳೆ?"

"ಕೇಳಿಸಲ್ಲ. ಇಂಜಿನ್ ಸದ್ದು."

ಮನೆಯಲ್ಲಿ ಆಗ ಸದ್ದೇ ಇರಲಿಲ್ಲ. ಫ್ಯಾನ್ ಕೂಡ ತಿರುಗುತ್ತಿರಲಿಲ್ಲ.

ಮೇ 7, ಮಂಗಳವಾರ

ಲ್ಯಾಬಿನಿಂದ ಆ ಔಷಧಿ ತಂದೆ. ಇವತ್ತು ಬೇರೇನೂ ಬರೆಯಲಾರೆ. ಬ್ಯಾಗಿನ ಒಳಜೇಬಿನಲ್ಲಿದೆ, ಬೆರಳುದ್ದದ ಸೀಸೆ.

ಮೇ 8, ಬುಧವಾರ

ಇದನ್ನು ಇವತ್ತೇ ಬರೆಯಬೇಕು.

ಹಗಲಿಡೀ ಲ್ಯಾಬಿಗೆ ಹೋಗಲಿಲ್ಲ. ಬೆಳಿಗ್ಗೆ ಅತ್ತಿಗೆ ಪೆನ್ನಿಗೆ ಅಂತ ನನ್ನ ಬ್ಯಾಗಿಗೆ ಕೈ ಹಾಕಿದರು. ಸೀಸೆ ಹಿಡಿದುಕೊಂಡು ಬಂದರು. ಅವರಿಗೆ ಹೇಳಬೇಕಾಗಲಿಲ್ಲ. ಇಲಿಗಳು ಎದ್ದು ಓಡಾಡಿದ ಕಥೆಯನ್ನು ನಾನೇ ಯಾವತ್ತೋ ಊಟ ಮಾಡುವಾಗ ಹೇಳಿದ್ದೆ.

"ಇದೇ ತಾನೆ ಅದು?"

"ಕೊಡಿ ಅತ್ತಿಗೆ."

"ತಂದಿದ್ದು ಯಾಕೆ ಹಾಗಾದ್ರೆ? ಕೊಟ್ಟುಬಿಡು. ಟೀಯಲ್ಲಿ ಹಾಕಿಕೊಡ್ತೀನಿ, ಅವರಿಗೆ ಗೊತ್ತಾಗೋದೂ ಇಲ್ಲ."

"ಇಲಿಗೆ ಎಷ್ಟು ಅಂತ ಗೊತ್ತು. ಅಣ್ಣನಿಗೆ ಎಷ್ಟು ಅಂತ ಗೊತ್ತಿಲ್ಲ. ಹೆಚ್ಚುಕಡಿಮೆ ಆದ್ರೆ…"

"ಇದಕ್ಕಿಂತ ಹೆಚ್ಚುಕಡಿಮೆ ಇನ್ನೇನಾಗ್ಬೇಕೆ!" ಅತ್ತಿಗೆಯ ಧ್ವನಿ ಒಡೆಯಿತು. "ನಿನಗೆ ಮೇಲೆ ಕೋಣೆ ಇದೆ, ಬಾಗಿಲು ಹಾಕ್ಕೋತೀಯ. ಆ ಮನುಷ್ಯನ ಪಕ್ಕ ನಾನು ಮಲಗ್ತೀನಿ. ಅವರು ಜಾಗ ಬಿಟ್ಟು ಮಲಗ್ತಾರೆ ಕಣೆ, ಅವಳಿಗೆ ಅಂತ. ಕಂಬಳಿ ಎಳೆದು ಅವಳಿಗೂ ಹೊದಿಸ್ತಾರೆ."

ನಾನು ಸೀಸೆ ಕಿತ್ತುಕೊಳ್ಳಲು ಹೋದೆ. ಅವರು ಬಿಡಲಿಲ್ಲ. ನಲವತ್ತು ದಾಟಿದವಳು ನಾನು, ಐವತ್ತರ ಹತ್ತಿರದವರು ಅವರು. ಒಲೆಯ ಮುಂದೆ ಜಗ್ಗಾಡಿದೆವು, ಚಿಕ್ಕ ಮಕ್ಕಳ ಹಾಗೆ.

"ಅದನ್ನ ಒಳಗಿಡಿ ಇಬ್ಬರೂ."

ಅಣ್ಣ ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಏನು ಮಾಡುತ್ತೆ ಅದು? ತಲೆ ಗುಡಿಸುತ್ತಾ?"

"ಹಾಗೆ ಅಂದುಕೋ ಅಣ್ಣ."

"ನನಗೆ ಬೇಡ. ಅವಳನ್ನ ಗುಡಿಸಿಬಿಟ್ರೆ, ಅವಳು ತಿರುಗಿದ್ದು ಇನ್ಯಾರಿಗೆ ಗೊತ್ತಿರುತ್ತೆ?"

ನಮಗೆ ಅರ್ಥವಾಗಲಿಲ್ಲ. ಅವನು ಅಡುಗೆಮನೆಯ ನೆಲದ ಮೇಲೆ ಕೂತ. ನಾವೂ ಕೂತೆವು. ಹೇಳಿದ. ಅವನು ಹೇಳಿದ ಹಾಗೇ ಬರೆಯಲು ನೋಡುತ್ತೇನೆ.

ಅವಳು ದಾಟುತ್ತಿರಲಿಲ್ಲ. ಜಾರಲಿಲ್ಲ. ಹಳಿಯ ನಡುವೆ ಬಂದು ನಿಂತಳು, ರೈಲಿಗೆ ಎದುರಾಗಿ. ಅಣ್ಣ ಹಾರ್ನ್ ಹೊಡೆದ. ಬ್ರೇಕ್ ಹಾಕುವ ಮುಂಚೆ ಒಂದು ಉಸಿರಿನಷ್ಟು ಕಾದ. ಎಲ್ಲರೂ ಸರಿಯುತ್ತಾರೆ, ಕೊನೆಗಳಿಗೆಯಲ್ಲಿ ಎಲ್ಲರೂ ಸರಿಯುತ್ತಾರೆ, ಇಷ್ಟು ವರ್ಷ ಎಲ್ಲರೂ ಸರಿದಿದ್ದರು. ಆಮೇಲೆ ಬ್ರೇಕ್. ಆಗ ಅವಳ ಮುಖ ಬದಲಾಯಿತು.

"ಬೇಡ ಅನ್ನಿಸಿತು ಅವಳಿಗೆ. ಮರಿ, ನಾನು ನೋಡ್ದೆ. ಬೇಡ ಅನ್ನಿಸಿಬಿಟ್ಟಿತು. ತಿರುಗಿ ಓಡೋಕೆ ಹೋದಳು. ಮನೆಗಳಿರೋ ಕಡೆ. ಒಂದು ಕಾಲು ಹಳಿ ದಾಟಿತ್ತು."

ಅತ್ತಿಗೆ ಸೀಸೆಯನ್ನು ಸೆರಗಲ್ಲಿ ಮುಚ್ಚಿ ಹಿಡಿದು ಅಳುತ್ತಿದ್ದರು.

"ಆ ಒಂದು ಉಸಿರು ನಾನು ಕಾಯದಿದ್ರೆ?"

ರೈಲಿನ ವೇಗ, ತೂಕ, ದೂರ ಎಲ್ಲ ಸೇರಿಸಿ ಯಾರಾದರೂ ಲೆಕ್ಕ ಹಾಕಿ ಹೇಳಬಹುದು. ವಿಚಾರಣೆಯವರು ಹೇಳಿಯೂ ಇದ್ದಾರೆ, ವ್ಯತ್ಯಾಸವಾಗುತ್ತಿರಲಿಲ್ಲ ಎಂದು. ನಾನೂ ಅದನ್ನೇ ಹೇಳಿದೆ. ಅವನು ನನ್ನನ್ನು ನೋಡಿದ ರೀತಿ… ಇಲಿಗಳು ಕೊಳವೆಯ ತೂತಿನಿಂದ ನೋಡುತ್ತವಲ್ಲ, ಹಾಗೆ.

"ಅವಳು ತಿರುಗಿದ್ದು ನನಗೊಬ್ಬನಿಗೇ ಗೊತ್ತು. ನಾನು ಜಾರಿದಳು ಅಂದುಬಿಟ್ಟೆ. ಅದಕ್ಕೇ ಬಾಯಿ ಆಡಿಸ್ತಿರೋದು."

ಸಂಜೆ ಲ್ಯಾಬಿಗೆ ಹೋಗಿ ಸೀಸೆಯನ್ನು ಮೇಡಂ ಟೇಬಲ್ ಮೇಲಿಟ್ಟೆ. ಬೈಗುಳಕ್ಕೆ ಕಾದು ನಿಂತೆ. ಅವರು ಮುಚ್ಚಳ ನೋಡಿದರು. ಸೀಲ್ ಒಡೆದಿರಲಿಲ್ಲ. "ಮನೆಗೆ ಹೋಗಿ" ಅಂದರು. ಬಾಗಿಲವರೆಗೂ ಹೋದಾಗ, "ನಿಮ್ಮನ್ನ ನಾಳೆಯಿಂದ ಔಷಧಿ ಬ್ಯಾಚಿಂದ ತೆಗೆದಿದ್ದೀನಿ. ಪಕ್ಕದ ಪಂಜರದ್ದು ನೋಡ್ಕೊಳ್ಳಿ."

ಮೇ 26, ಭಾನುವಾರ

ಸತ್ತವಳ ಮನೆಗೆ ಹೋಗಿಬಂದೆವು. ಆಸ್ಪತ್ರೆಯ ಡಾಕ್ಟರು ಅವಸರ ಬೇಡ ಎಂದಿದ್ದರು. ಅಣ್ಣ ದಿನಾ ಕೇಳಿ ಕೇಳಿ, ಕೊನೆಗೆ ಜೊತೆಗೆ ಯಾರಾದರೂ ಇರಲಿ ಅಂದರು. ಅತ್ತಿಗೆಗೆ ಧೈರ್ಯ ಬರಲಿಲ್ಲ. ನಾನು ಹೋದೆ.

ಎರಡನೇ ಮಹಡಿ. ಮೆಟ್ಟಿಲ ತುಂಬ ಬೇರೆ ಬೇರೆ ಮನೆಗಳ ಚಪ್ಪಲಿ. ಆ ತಂಗಿ ಬಾಗಿಲು ತೆರೆದು ಮುಗುಳ್ನಕ್ಕರು. ಆ ನಗು ನೋಡಿ, ವಾಪಸ್ ಹೋಗೋಣ ಅಣ್ಣ, ಅನ್ನುವುದು ನನ್ನ ಗಂಟಲವರೆಗೂ ಬಂದಿತ್ತು.

ಅಣ್ಣ ನಿಂತೇ ಹೇಳಿದ. ಅವತ್ತು ಸುಳ್ಳು ಹೇಳಿದೆನಮ್ಮ. ಜಾರಲಿಲ್ಲ. ನಿಂತಿದ್ದರು. ಕೊನೆಗೆ ತಿರುಗಿದರು.

ನಗು ಹಾಗೇ ಅಂಟಿಕೊಂಡಿತ್ತು ಆಕೆಯ ಮುಖದಲ್ಲಿ, ತೆಗೆಯಲು ಮರೆತ ಹಾಗೆ.

"ತಿರುಗಿದ್ಲಾ?"

"ಹೂಂ."

"ಯಾವ ಕಡೆ?"

"ಮನೆಗಳ ಕಡೆ. ಓಡೋಕೆ."

ಒಳಕೋಣೆಯಿಂದ ಮುದುಕಿ ಗೋಡೆ ಹಿಡಿದುಕೊಂಡು ಬಂದರು. ಎಲ್ಲ ಕೇಳಿಸಿತ್ತು. "ಇನ್ನೊಂದು ಸಲ ಹೇಳಪ್ಪ" ಅಂದರು. ಅಣ್ಣ ಹೇಳಿದ. "ತಿರುಗಿದ್ದು ಹೇಳು." ಮತ್ತೆ ಹೇಳಿದ. ಅವರು ಅವನ ಬಾಯಿಯನ್ನೇ ನೋಡುತ್ತ ಕೇಳಿದರು, ಕಿವುಡರ ಹಾಗೆ. "ಬರೋಕೆ ಮನಸ್ಸಿತ್ತು ನನ್ನ ಮಗಳಿಗೆ" ಅಂದರು. ಅಷ್ಟು ಹೇಳಿ, ನೆಲಕ್ಕೆ ಕೂತು, ಎದೆಯಿಂದ ಒಂದು ಸದ್ದು ತೆಗೆದರು. ಅದನ್ನು ಬರೆಯಲಾಗುವುದಿಲ್ಲ.

ಅಣ್ಣ ಆ ಒಂದು ಉಸಿರಿನ ಮಾತನ್ನೂ ಹೇಳಿದ. ಬೇಡ ಎಂದು ಅವನ ತೋಳು ಹಿಡಿದಿದ್ದೆ. ಹೇಳಿಯೇ ಬಿಟ್ಟ. ತಂಗಿ ಒಳಗೆ ಹೋದರು, ಮತ್ತೆ ಬರಲಿಲ್ಲ. ಕ್ಷಮಿಸಿದರೋ ಶಪಿಸಿದರೋ ಗೊತ್ತಿಲ್ಲ. ಮುದುಕಿಯೇ ನಮ್ಮನ್ನು ಬಾಗಿಲವರೆಗೂ ಕಳಿಸಿಕೊಟ್ಟರು.

ಹೊರಡುವಾಗ ಟಿವಿಯ ಪಕ್ಕ ಫೋಟೋ ಕಂಡಿತು. ನೋಡಬಾರದು ಅಂದುಕೊಂಡೇ ಹೋಗಿದ್ದೆ. ನೋಡಿದೆ. ಕೂದಲು ಗಾಳಿಗೆ ಹಾರಿ ಬಾಯಿಗೆ ಬಂದಿದೆ, ಬೆರಳಿನಿಂದ ತೆಗೆಯುತ್ತ ನಗುತ್ತಿದ್ದಾಳೆ. ನನಗಿಂತ ಚಿಕ್ಕವಳು.

ಮುಖ ಇಲ್ಲದಿದ್ದಾಗ ಸುಲಭವಿತ್ತು.

ಜೂನ್ 14, ಶುಕ್ರವಾರ

ಅಣ್ಣ ನಿದ್ದೆ ಮಾಡುತ್ತಿದ್ದಾನೆ. ಮಾತ್ರೆ ಹಿಡಿಯಿತೋ, ಆ ಮನೆಗೆ ಹೋಗಿಬಂದದ್ದೋ, ಎರಡೂ ಸೇರಿಯೋ. ಡಾಕ್ಟರಿಗೂ ಗೊತ್ತಿಲ್ಲ, ನನಗಂತೂ ಗೊತ್ತಿಲ್ಲ. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಇಂಜಿನ್ ಇನ್ನು ಸಿಗಲಿಕ್ಕಿಲ್ಲ. "ಕುರ್ಚಿ ಓಡಿಸ್ತಿದ್ದೀನಿ ಮರಿ, ಲೇಟಾಗೋ ಚಿಂತೆನೇ ಇಲ್ಲ" ಅನ್ನುತ್ತಾನೆ. ಅತ್ತಿಗೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಅವಳು ಈಗ ಬರುವುದಿಲ್ಲವಂತೆ. "ಹೇಳಿ ಬಂದ ಮೇಲೆ ಒಂದು ಸಲ ಬಂದಿದ್ದಳು. ಬೆನ್ನು ಮಾತ್ರ ಕಂಡಿತು. ಹೋಗ್ತಾ ಇದ್ದಳು."

ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಪಕ್ಕದ ಪಂಜರದ ಬ್ಯಾಚ್ ಇವತ್ತು ನೋಡಿದೆ. ಅವಕ್ಕೆ ಯಾರೂ ಏನೂ ಮಾಡಿರಲಿಲ್ಲ. ಹೊಟ್ಟೆತುಂಬ ತಿಂದಿದ್ದವು, ಆಟವಾಡಲು ಜಾಗವಿತ್ತು. ನೋಡಿದ್ದವು, ಅಷ್ಟೇ.

ಹಬೆನುಲಾ ಕತ್ತಲು.

ಎಲ್ಲದರಲ್ಲೂ ಅಲ್ಲ. ಕೆಲವದರಲ್ಲಿ ಹಸಿರಿತ್ತು. ಇನ್ನೊಂದು ಬ್ಯಾಚ್ ಮಾಡದೆ ಏನೂ ಹೇಳಲಾಗದು ಎಂದು ಮೇಡಂ ಹೇಳಿದರು. ಸರಿಯೇ. ಆದರೆ ನಾನು ಸ್ಲೈಡ್ ಬದಲಿಸದೆ ಎಷ್ಟು ಹೊತ್ತು ಕೂತಿದ್ದೆನೋ, ಅವರೇ ಬಂದು ಲೈಟ್ ಆರಿಸಿದರು.

ಜೂನ್ 20, ಗುರುವಾರ

ಕೊಳವೆಗೆ ಮುಚ್ಚಳ ಹಾಕಲು ಇವತ್ತು ಆಗಲಿಲ್ಲ. ಬೆರಳು ಮಾತು ಕೇಳಲಿಲ್ಲ. ಒಳಗಿದ್ದ ಇಲಿ ತಿರುಗಲು ನೋಡುತ್ತಿತ್ತು. ಆಗುವುದಿಲ್ಲವೆಂದು ಗೊತ್ತಿದ್ದೂ ತಿರುಗಲು ನೋಡುತ್ತಿತ್ತು. ಪಕ್ಕದವರನ್ನು ಕರೆದೆ. ತಲೆಸುತ್ತು ಅಂದೆ.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಯಾರೋ ಕೂರಲು ಬಂದರು. "ಜನ ಇದ್ದಾರೆ" ಅಂದುಬಿಟ್ಟೆ.

ಯಾಕೆ ಅಂದೆ?

ಜುಲೈ 2, ಮಂಗಳವಾರ. ಬೆಳಿಗ್ಗೆ

ಕಂಡುಹಿಡಿದವನು ಅಣ್ಣನೇ. ನಿನ್ನೆ ಊಟಕ್ಕೆ ಕೂತಾಗ ನನ್ನ ಕಣ್ಣು ಹೋದ ಕಡೆ ಅವನ ಕಣ್ಣೂ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಗೋಡೆ. ಅವನು ತುತ್ತು ಕೆಳಗಿಟ್ಟ.

"ಎಷ್ಟು ದಿನದಿಂದ ಮರಿ?"

"ಏನು?"

"ನನ್ನ ಹತ್ತಿರ ನಾಟಕ ಬೇಡ."

ನಾನು ಅನ್ನ ಕಲಸುತ್ತಲೇ ಇದ್ದೆ. ಅತ್ತಿಗೆ ನಮ್ಮಿಬ್ಬರ ಮುಖವನ್ನೂ ನೋಡಿದರು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟರು. ಆ ಕೈ ಭಾರವಾಗಿತ್ತು, ಬೆಚ್ಚಗಿತ್ತು.

"ನಾಳೆ ನಮ್ಮ ಡಾಕ್ಟರ ಹತ್ತಿರ ಹೋಗೋಣ" ಅಂದ ಅಣ್ಣ. "ನಾನೂ ಬರ್ತೀನಿ. ನಿನ್ನನ್ನ ಕೇಳಿಯೇ ಕರ್ಕೊಂಡು ಹೋಗ್ತಿದ್ದೀನಿ, ನೋಡ್ಕೋ."

ಚುಚ್ಚಿದ್ದಲ್ಲ. ನಕ್ಕೇ ಹೇಳಿದ. ನನಗೂ ನಗು ಬಂತು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

ಕೆಳಗೆ ಟ್ಯಾಕ್ಸಿ ಬಂದಿದೆ. ಅಣ್ಣ ಕೂಗುತ್ತಿದ್ದಾನೆ. ಬಂದೆ ಅಂದೆ. ಡಾಕ್ಟರ ಮುಂದೆ ಕೂತರೆ ನನಗೆ ಇಲಿಗಳ ಮಾತೇ ಬರುತ್ತದೆ, ಹಬೆನುಲಾ, ಹಸಿರು, ಕೊಂಡಿ, ಅದೂ ಇದೂ. ಅದಲ್ಲ ಹೇಳಬೇಕಾದ್ದು. ಮೊದಲ ಮಾತಾದರೂ ಬರೆದುಕೊಂಡು ಹೋಗೋಣ ಎಂದು ಕೂತೆ.

ಡಾಕ್ಟ್ರೇ, ನಾನು ಅಲ್ಲಿರಲಿಲ್ಲ. ನಾನು ಏನನ್ನೂ ನೋಡಿಲ್ಲ. ಆದರೂ ಅವಳು ತಿರುಗುವಾಗ ನನ್ನ ಕಣ್ಣನ್ನೇ ನೋಡುತ್ತಾಳೆ.